ದೊಡ್ಡವ್ವನ ಚಪ್ಪರದವರೆ

ಇದು ಹೀಗೆಯೇ ನಡೆಯಿತೆಂದು ಆಣೆಯಿಟ್ಟು ಹೇಳಲಾರೆ. ಹೋದ ತಿಂಗಳು ಶ್ರೀರಂಗಪಟ್ಟಣದ ನಮ್ಮ ತಾರಸಿಯ ಕುಂಡದಲ್ಲಿ ಅವರೆ ಕುಡಿಗೆ ಸಸ್ಯಹೇನು ಮುತ್ತಿತ್ತು. ಮುಟ್ಟಿದರೆ ಬೆರಳೆಲ್ಲ ಅಂಟು. ಆ ಅಂಟಿಗೆ ಪಾಂಡವಪುರದ ದೊಡ್ಡವ್ವನ ಹಿತ್ತಿಲು ನೆನಪಾಯಿತು. ನೆನಪೆನ್ನಲೇ, ನಾನೇ ಕಟ್ಟಿಕೊಂಡದ್ದೆನ್ನಲೇ?

ದೊಡ್ಡವ್ವ ನನ್ನ ಅಮ್ಮನ ಅಕ್ಕ. ಅವಳ ಹಿತ್ತಿಲಲ್ಲಿದ್ದದ್ದು ಒಂದೇ ಅವರೆ ಚಪ್ಪರ, ಬೀಜ ಕೆ.ಆರ್. ಪೇಟೆ ಕಡೆಯ ತವರಿನಿಂದ ಮಡಿಲಲ್ಲಿ ಬಂದದ್ದು. ಮೊದಲ ಕಾಯಿಗಳನ್ನು ಯಾರೂ ಕೀಳುವಂತಿರಲಿಲ್ಲ. ಅವು ಬಳ್ಳಿಯಲ್ಲೇ ಒಣಗಿ ಮುಂದಿನ ವರ್ಷದ ಬಿತ್ತನೆಯಾಗಬೇಕು. ಹೇನು ಬಿದ್ದರೆ ಅವಳು ನಾಲೆ ಏರಿಯಿಂದ ಎಕ್ಕದ ಕೊಂಬೆ ಮುರಿದು ತಂದು ಚಪ್ಪರಕ್ಕೆ ಕಟ್ಟುತ್ತಿದ್ದಳು. ಕೊಂಬೆಯ ತುಂಬ ಮುಳ್ಳುಮೈಯ ಕಪ್ಪು ಹುಳುಗಳು.

ನಾನಾಗ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಬಂದಿದ್ದೆ. ಹುಳುವಿಗೂ ನನಗೂ ಸಂಬಂಧವಿಲ್ಲ. ಆದರೆ ಪದವಿ ಪದವಿಯೇ ತಾನೆ?

“ಇರೋ ಹುಳ ಸಾಲ್ದು ಅಂತ ಹೊರಗಿಂದ ಬೇರೆ ತರ್ತೀಯಾ ದೊಡ್ಡವ್ವ?”

“ಸುಮ್ಕಿರ್ಲಾ. ಗುಲಗಂಜಿ ಹುಳಿನ ಮರಿ ಇವು. ಎಲೆ ಮುಟ್ಟಕಿಲ್ಲ, ಹೇನ ತಿಂತವೆ.”

“ಯಾರು ಹೇಳಿದ್ದು?”

“ಯಾರ್ ಯೋಳ್ಬೇಕ್ಲಾ? ಕುಂತ್ಕೊಂಡು ನೋಡು. ಓದಿರೋದು ನೀನು, ಹುಳ ಅಲ್ಲ. ಅದ್ಕೆ ಹಸಿವಾಯ್ತದೆ, ತಿಂತದೆ.”

ಗುಲಗಂಜಿ ಹುಳು ಕೆಂಪಗೆ ದುಂಡಗಿರುತ್ತದೆ, ಇವು ಪುಟ್ಟ ಮೊಸಳೆಗಳಂತಿದ್ದವು. ನಕ್ಕು ಒಳಗೆ ಹೋದೆ. ಅವಳು ತವರಿನ ಮದುವೆಗೆ ಹೋದ ದಿನ ಕೊಂಬೆಗಳನ್ನು ಹಂಡೆ ಒಲೆಗೆ ತುರುಕಿ, ಗದ್ದೆಗೆ ತಂದು ಉಳಿದಿದ್ದ ಔಷಧಿಯನ್ನು ಚಪ್ಪರಕ್ಕೆ ಹೊಡೆದೆ. ಉಪಕಾರವಾಗಲೆಂದು ಒಂದು ಮುಚ್ಚಳ ಹೆಚ್ಚೇ ಬೆರೆಸಿದ್ದೆ. ಮಾರನೆಯ ದಿನ ಎಲೆ ಸುಟ್ಟುಹೋಯಿತು, ಹೂವೆಲ್ಲ ಉದುರಿತು.

ದೊಡ್ಡವ್ವ ಬಂದು ನೋಡಿ, “ಓಗ್ಲಿ ಬುಡ್ಲಾ, ಮುಂದಿನ್ ವರ್ಸ ಆಯ್ತದೆ” ಎಂದದ್ದು ಕಿವಿಯಲ್ಲೇ ಇದೆ. ಅವಳು ತೀರಿಕೊಂಡ ಮೇಲೂ ಆ ಮಾತಿನ ಬಲದಲ್ಲಿ ನಿಶ್ಚಿಂತೆಯಿಂದಿದ್ದೆ.

ತಾರಸಿಯ ಕುಡಿಯ ಮೇಲೂ ಅಂಥದೇ ಒಂದು ಕಪ್ಪು ಹುಳುವಿತ್ತು. ಈ ಸಲ ಕುಳಿತು ನೋಡಿದೆ. ಒಂದೊಂದೇ ಹೇನನ್ನು ಹಿಡಿದು ತಿಂದಿತು. ಎಲೆಗೆ ಬಾಯಿ ಹಾಕಲಿಲ್ಲ. ಎದ್ದವನೇ ನಾಗಮಂಗಲದಲ್ಲಿರುವ ದೊಡ್ಡವ್ವನ ಮಗಳು ಜಯಳಿಗೆ ಫೋನು ಮಾಡಿ ಎಲ್ಲ ಹೇಳಿದೆ.

“ಅವ್ವ ಅಂಗೆ ಅಂದೇ ಇಲ್ಲ ಕಣಣ್ಣ,” ಎಂದಳು. “ಅವ್ವ ಬರಕ್ ಮುಂಚೇನೆ ನೀನು ಬಸ್ಸತ್ತಿ ಒಂಟೋಗಿದ್ದೆ. ಆಮ್ಯಾಕೆ ಅವ್ವ ಸಂತೆ ಬೀಜನೇ ಹಾಕ್ತಿದ್ದದ್ದು.”

ಹಾಗಾದರೆ ಆ ಕ್ಷಮೆಯನ್ನು ನನಗೆ ನಾನೇ ಕೊಟ್ಟುಕೊಂಡಿದ್ದೆ. ಜಯಳ ನೆನಪೂ ತಪ್ಪಿರಬಹುದು ಎಂದು ವಾದಿಸಲು ನಾಲಿಗೆ ತುರಿಸಿತು. ಫೋನಿಟ್ಟೆ.

ಆದರೂ ಮರುವಾರ ದೊಡ್ಡವ್ವನ ತವರಿಗೆ, ಸೋದರಮಾವನ ಮನೆಗೆ ಹೋಗಿ ಬೀಜ ವಿಚಾರಿಸಿದೆ. ಆ ಅವರೆ ಅಲ್ಲಿಯೂ ಇಲ್ಲ. ಅವರ ಬೀಜ ಎಂದೋ ಕೆಟ್ಟುಹೋಗಿ, ದೊಡ್ಡವ್ವನ ಚಪ್ಪರದಿಂದಲೇ ಕೇಳಿ ತರಬೇಕೆಂದಿದ್ದರಂತೆ.