ಒಳಕ್ಕೆ ಬಗ್ಗಿಸಿದ ತಂತಿ

ನಮ್ಮ ಅಂಗಳದಲ್ಲಿ ರಂಗೋಲಿ ಹಾಕುವವಳು ನಾನು, ಅದರ ಮೇಲೆ ಗ್ರೀಸ್ ಚೆಲ್ಲುವವರು ಅಣ್ಣತಮ್ಮ ಇಬ್ಬರು. ಅಣ್ಣ ನನ್ನ ಗಂಡ, ತಮ್ಮ ನನ್ನ ಮೈದುನ. ನಮ್ಮೂರು ನನ್ನಿವಾಳದಲ್ಲಿ ನಮ್ಮ ಮನೆ ಯಾವುದೆಂದು ಯಾರಾದರೂ ಕೇಳಿದರೆ, ‘ಹೊಂಗೆ ಮರದ ಕೆಳಗೆ ಗಾಡಿ ಬಿಚ್ಚಿ ಹರವಿರ್ತಾರಲ್ಲ, ಅದೇ’ ಎಂದು ಜನ ಕೈ ತೋರಿಸುತ್ತಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಅದೊಂದು ಅವಮಾನ. ಆಮೇಲಾಮೇಲೆ ಬೋಲ್ಟ್ ಬಿಚ್ಚುವ ಹದಿನಾಲ್ಕರ ಪಾನಾ ಯಾವುದು, ಹದಿನೇಳರದು ಯಾವುದು ಎಂದು ಕಣ್ಣು ಮುಚ್ಚಿ ಎತ್ತಿಕೊಡುವಷ್ಟು ಪಳಗಿದೆ.

ಗಂಡನದು ಪಿಕಪ್ ಗಾಡಿ. ಕುರಿ, ಈರುಳ್ಳಿ, ಯಾವುದು ಸಿಕ್ಕಿದರೆ ಅದನ್ನು ತುಂಬಿಕೊಂಡು ಚಳ್ಳಕೆರೆಗೆ ಹೋಗುವ ಬಾಡಿಗೆ ಕೆಲಸ. ಮೈದುನನದು ಬೈಕಿನ ಹುಚ್ಚು. ಹಳೇ ಬೈಕೊಂದನ್ನು ತಂದು ಮಡ್‌ಗಾರ್ಡ್ ಕಿತ್ತು, ಮುಂದಿನ ಫೋರ್ಕ್ ಎತ್ತರಿಸಿ, ಮುಳ್ಳುಮುಳ್ಳಿನ ಟೈರು ಹಾಕಿ, ಬಂಡೆಗಲ್ಲಿನ ಗುಡ್ಡಕ್ಕೆ ಹತ್ತಿಸುವುದೇ ಅವನ ಆಟ. ಸೈಲೆನ್ಸರನ್ನೂ ಕೊಯ್ದು ಹಾಕಿದ್ದ. ‘ಆ ಸದ್ದಿಗೆ ಕಾಯಿಸಿಟ್ಟ ಹಾಲು ಒಡೀತೈತೆ ಕಣೋ’ ಎಂದು ಬೈದರೆ, ‘ನೀವು ಬೈಯೋ ಸದ್ದಿಗಿಂತ ಕಮ್ಮೀನೇ ಐತೆ ಬಿಡ್ರಿ ಅತ್ತಿಗೆ’ ಎನ್ನುತ್ತಿದ್ದ. ಪೊರಕೆ ಎಸೆದರೆ ಹಿಡಿದುಕೊಂಡು ನಗುತ್ತಿದ್ದ.

ಇಬ್ಬರಿಗೂ ಗಾಡಿಯಲ್ಲಿ ಏನೇ ಸಡಿಲವಾದರೂ ಮೊದಲ ಮದ್ದು ಕಟ್ಟಡದ ಕಬ್ಬಿಣ ಕಟ್ಟುವ ತಂತಿ. ಒಮ್ಮೆ ಗಾಡಿಯ ಕೆಳಗೆ ಕಸ ಗುಡಿಸುವಾಗ ತಂತಿಯ ಮೊನೆ ಸಿಕ್ಕಿ ನನ್ನ ಸೀರೆ ಸೆರಗು ಪರ್ರೆಂದು ಹರಿಯಿತು, ತೋಳಿಗೂ ಗೀರಿತು. ಊರೆಲ್ಲ ಕೇಳುವಂತೆ ಕೂಗಾಡಿದೆ. ಅಂದಿನಿಂದ ಗಂಡ ಎಲ್ಲೇ ತಂತಿ ಕಟ್ಟಿದರೂ ಕೊನೆಯಲ್ಲಿ ಎರಡು ಸುತ್ತು ತಿರುವಿ, ಮೊನೆಯನ್ನು ಒಳಕ್ಕೆ ಬಗ್ಗಿಸಿ, ಬೆರಳಿಂದ ಸವರಿ ನೋಡುತ್ತಿದ್ದ. ‘ಕೋಳಿ ಮರೀಗೂ ಚುಚ್ಚಬಾರದು ನೋಡು’ ಎನ್ನುತ್ತಿದ್ದ.

ನಮ್ಮ ಕಡೆ ಪಿಕಪ್ ಇಟ್ಟವರಿಗೆಲ್ಲ ಒಂದು ಚಟ ಇದೆ. ಹಿಂದಿನ ಚಕ್ರದ ಮೇಲೆ ಸ್ಪ್ರಿಂಗಿನಂತೆ ಭಾರ ಹೊರುವ ಕಮಾನು ಪಟ್ಟಿಗಳ ಜೊತೆಗೆ ಇನ್ನೊಂದೆರಡು ಪಟ್ಟಿ ಸೇರಿಸುವುದು. ಆಗ ಗಾಡಿಯ ಹಿಂಭಾಗ ಎತ್ತಿಕೊಂಡು ನಿಲ್ಲುತ್ತದೆ, ಎಷ್ಟು ಹೇರಿದರೂ ಕೂರುವುದಿಲ್ಲ. ಕುರಿಯವರು ಬಾಡಿಗೆಗೆ ಗಾಡಿ ಹಿಡಿಯುವಾಗ ಮೊದಲು ನೋಡುವುದೇ ಅದನ್ನು. ಬಾಲ ಕೆಳಗಿಟ್ಟ ಗಾಡಿ ಸೋತ ಎತ್ತಿನ ಲೆಕ್ಕ.

ನಮ್ಮ ಗಾಡಿಗೂ ಪಟ್ಟಿ ಹಾಕಿದರು. ಜಾಕಿ ಕೊಟ್ಟು, ಕಲ್ಲು ಒಟ್ಟಿ, ಇಬ್ಬರೂ ಕೆಳಗೆ ನುಗ್ಗಿದ್ದರು. ನಾನು ಮೊಬೈಲಿನ ಟಾರ್ಚ್ ಹಿಡಿದು ಮಂಡಿಯೂರಿದ್ದೆ. ಪಟ್ಟಿಯೇನೋ ಕೂತಿತು. ಆದರೆ ಹಿಂದಿನ ಆಕ್ಸಲ್‌ನಿಂದ ಮೇಲಿನ ಚಾಸಿಗೆ, ಅಂದರೆ ಗಾಡಿಯ ಚೌಕಟ್ಟಿಗೆ, ಹೋಗುವ ಒಂದು ಸಣ್ಣ ಸರಳು, ಬೆರಳು ದಪ್ಪದ್ದು, ಗಾಡಿ ಎತ್ತರವಾದ ಮೇಲೆ ಎಟುಕದೆ ಬಿಗಿದುಕೊಂಡು ನಿಂತಿತು. ಗಂಡ ಅದರ ಕೆಳತುದಿಯ ಬೋಲ್ಟ್ ಬಿಚ್ಚಿದ.

‘ಏನ್ರಿ ಅದು?’ ಎಂದೆ.

‘ಏನೋ ಒಂದು. ಕಂಪನಿಯೋರು ಏನೇನೋ ಇಟ್ಟಿರ್ತಾರೆ.’

ಮೈದುನ ಒಳಗಿನಿಂದಲೇ, ‘ಅತ್ತಿಗೆ, ಅದು ಹೆಂಗಸ್ರು ಪ್ರಶ್ನೆ ಕೇಳಿದ್ರೆ ಗಂಟೆ ಹೊಡಿಯೋ ರಾಡು’ ಎಂದ. ನಾನೂ ನಕ್ಕೆ. ಗಂಡ ಸರಳನ್ನು ನಿಂತಲ್ಲೇ ಅಲುಗದಂತೆ ತಂತಿಯಿಂದ ಚಾಸಿಗೆ ಕಟ್ಟಿಬಿಟ್ಟ. ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಪೂಜೆ ಮಾಡಿದೆವು. ಎದ್ದು ನಿಂತ ಗಾಡಿ ನೋಡಿ ನನಗೂ ಹೆಮ್ಮೆಯೇ ಆಯಿತು.

ಆ ಹೆಮ್ಮೆ ಒಂದು ಬೇಸಿಗೆಯನ್ನೂ ದಾಟಲಿಲ್ಲ. ಮೊಳಕಾಲ್ಮೂರು ಕಡೆಯಿಂದ ಕುರಿ ತುಂಬಿಕೊಂಡು ಬರುತ್ತಿದ್ದರು. ಗಂಡ ಓಡಿಸುತ್ತಿದ್ದ. ಕುರಿ ಒಂದರ ಮೇಲೊಂದು ಬೀಳದಿರಲಿ ಎಂದು ಮೈದುನ ಹಿಂದೆ ನಿಂತಿದ್ದ. ಇಳಿಜಾರಿನಲ್ಲಿ ಎದುರಿಗೆ ಎಮ್ಮೆಗಳು ರಸ್ತೆಗೆ ಬಂದವು. ಗಂಡ ಬ್ರೇಕ್ ತುಳಿದ. ಮುಂದಿನ ಚಕ್ರಗಳು ಕಚ್ಚಿಕೊಂಡವು, ಹಿಂದಿನವು ಹಿಡಿಯಲೇ ಇಲ್ಲ. ಗಾಡಿ ಅಡ್ಡ ತಿರುಗಿ ಮೋರಿಗೆ ಬಡಿಯಿತು. ಹೊರಕ್ಕೆ ಬಿದ್ದ ಮೈದುನನ ಬಲಗಾಲು ಮೋರಿಯ ಕಲ್ಲಿಗೂ ಗಾಡಿಗೂ ನಡುವೆ ಸಿಕ್ಕಿತು.

ಮಂಡಿಯ ಕೆಳಗೆ ಕಾಲು ತೆಗೆದರು. ಆಸ್ಪತ್ರೆಯಲ್ಲಿ ಅವನಿಗೆ ಎಚ್ಚರವಾದಾಗ ನಾನೇ ಪಕ್ಕದಲ್ಲಿದ್ದೆ. ಹೊದಿಕೆಯ ಕಡೆ ನೋಡಿ, ‘ಅತ್ತಿಗೆ, ನನ್ನ ಬೂಟು ಒಂದೇ ಸಾಕಲ್ಲ ಇನ್ನ’ ಎಂದ. ನನಗೆ ಅಲ್ಲೇ ಸಾಯಬೇಕು ಎನಿಸಿತು. ಹೊರಗೆ ಗಂಡ, ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದ. ‘ಎಮ್ಮೆ ಅಡ್ಡ ಬಂತು.’ ನಿಜವೇ ತಾನೆ, ಎಮ್ಮೆ ಅಡ್ಡ ಬಂದಿತ್ತು.

ಗಾಡಿಯನ್ನು ರಿಪೇರಿ ಮಾಡಿಸಿ ಮೊಳಕಾಲ್ಮೂರು ದಾರಿಯ ಸಿದ್ದಾಪುರದ ಕಡೆಯ ಒಬ್ಬರಿಗೆ ಮಾರಿದೆವು. ಮನೆಯಲ್ಲಿ ಯಾರಿಗೂ ಅದರ ಮುಖ ನೋಡಲು ಇಷ್ಟವಿರಲಿಲ್ಲ. ಹೊಂಗೆ ಮರದ ಕೆಳಗೆ ಬೈಕೊಂದೇ ಉಳಿಯಿತು. ಗಂಡ ಯಾರಿಗೂ ಹೇಳದೆ ಅದನ್ನು ಬಿಚ್ಚಲು ಕೂತ. ಬಲಗಾಲಲ್ಲಿ ತುಳಿಯುವ ಹಿಂದಿನ ಬ್ರೇಕನ್ನು ಹ್ಯಾಂಡಲಿಗೆ, ಕ್ಲಚ್ಚಿನ ಮಗ್ಗುಲಿಗೆ ತಂದ. ಕೇಬಲ್ ಎಳೆದ, ಬಿಚ್ಚಿದ, ಮತ್ತೆ ಎಳೆದ. ತಮ್ಮನಿಗೆ ಹಾಕಿಸಿದ ಕೃತಕ ಕಾಲು ಜಾರದಂತೆ ಫುಟ್‌ರೆಸ್ಟಿಗೆ ಒಂದು ತಗಡಿನ ಗೂಡು ಮಾಡಿದ. ಮೈದುನ ಪಡಸಾಲೆಯಲ್ಲಿ ಚಾಪೆ ಮೇಲೆ ಮಲಗಿ ಮೊಬೈಲ್ ನೋಡುತ್ತಿದ್ದ, ಅತ್ತ ತಿರುಗಿಯೂ ನೋಡುತ್ತಿರಲಿಲ್ಲ. ಬೈಕ್ ತಯಾರಾಯಿತು, ಧೂಳು ಹಿಡಿಯಿತು. ಮೊದಲು ಜಗಳವಾಡುತ್ತಿದ್ದ ಅಣ್ಣತಮ್ಮ ಈಗ, ‘ಊಟ ಆತಾ?’ ‘ಆತು’ ಎನ್ನುವುದರ ಮೇಲೆ ಬದುಕುತ್ತಿದ್ದರು. ಆ ಮೌನಕ್ಕಿಂತ ಆ ಹಾಳು ಸೈಲೆನ್ಸರ್ ಸದ್ದೇ ವಾಸಿಯಾಗಿತ್ತು.

ಒಂದು ಮಧ್ಯಾಹ್ನ ಮೈದುನ, ‘ಅಣ್ಣಾ, ಬಾ ಇಲ್ಲಿ’ ಎಂದು ಕರೆದ. ಅವನ ದನಿ ಕೇಳಿ ನಾನೂ ಒಲೆ ಬಿಟ್ಟು ಬಂದೆ. ಮೊಬೈಲಿನಲ್ಲಿ ಯಾರೋ ಪಿಕಪ್ ಗಾಡಿಯ ಕೆಳಭಾಗ ತೋರಿಸಿ ಮಾತಾಡುತ್ತಿದ್ದ. ಅದೇ ಸರಳು. ಲೋಡ್ ಹೇರಿದಾಗ ಗಾಡಿ ಕೆಳಗೆ ಕೂರುತ್ತದಂತೆ, ಆಗ ಸರಳು ಅಲುಗಿ ಹಿಂದಿನ ಬ್ರೇಕಿಗೆ ಭಾರ ಇದೆ, ಗಟ್ಟಿಯಾಗಿ ಹಿಡಿ ಎಂದು ಹೇಳುತ್ತದಂತೆ. ನಾವು ಅದರ ಬಾಯಿ ಕಟ್ಟಿದ್ದೆವು. ಕುರಿ ತುಂಬಿ ತುಳುಕುತ್ತಿದ್ದರೂ ಬ್ರೇಕಿನ ಪಾಲಿಗೆ ನಮ್ಮದು ಖಾಲಿ ಗಾಡಿ.

ಗಂಡನ ಮುಖ ಸುಟ್ಟ ಬೂದಿಯಂತಾಯಿತು. ‘ಆಫ್ ಮಾಡಲೇ ಅದನ್ನ’ ಎಂದ.

‘ನನ್ ಕಾಲು ಹೋದದ್ದು ಹೋತು, ಅದನ್ನ ಬಿಡು’ ಎಂದ ಮೈದುನ. ‘ಆ ಗಾಡಿ ಈಗ್ಲೂ ಓಡ್ತೈತಲ್ಲ ಅಣ್ಣಾ. ತಂತಿ ಹಂಗೇ ಐತೆ.’

ಗಂಡ ಅಂಗಳಕ್ಕೆ ಹೋಗಿ ಕೊಂಡವನಿಗೆ ಫೋನ್ ಮಾಡಿದ. ಪಟ್ಟಿ ತೆಗೆಸಿ, ಸರಳು ಕೂರಿಸಿ ಎಂದ. ಆ ಕಡೆಯಿಂದ ನಗು ನಮಗೂ ಕೇಳಿಸಿತು. ‘ಚೆನ್ನಾಗೇ ಓಡ್ತೈತೆ ಬಿಡ್ರಿ. ಕಂಪನಿಯೋರು ಹಂಗೇ ಏನೇನೋ ಇಟ್ಟಿರ್ತಾರೆ.’ ಗಂಡ ಫೋನ್ ಇಟ್ಟ.

‘ಕಾಲಿನ ವಿಷ್ಯ ಹೇಳ್ರಿ! ಬಾಯಲ್ಲಿ ಕಡುಬು ಇಟ್ಕಂಡಿದ್ದೀರಾ?’ ಎಂದು ನಾನು ಹಾರಾಡಿದೆ.

‘ನನ್ ಕೈಲಿ ಆಗಲ್ಲ ಕಣೆ’ ಎಂದು ಹೊಂಗೆ ಮರದ ಬುಡದಲ್ಲಿ ಕುಸಿದು ಕೂತ. ಮದುವೆಯಾದಂದಿನಿಂದ ಅವನು ಅಳುವುದನ್ನು ನೋಡಿದ್ದು ಅದೇ ಮೊದಲು. ಅವನನ್ನು ಸಮಾಧಾನ ಮಾಡಲು ನನಗೆ ಮನಸ್ಸು ಬರಲಿಲ್ಲ.

ಮರುದಿನ ಬೆಳಗ್ಗೆ ಎದ್ದು ನೋಡಿದರೆ ಮೈದುನ ಕೃತಕ ಕಾಲು ಕಟ್ಟಿಕೊಂಡು ಬೈಕಿನ ಧೂಳು ಒರೆಸುತ್ತಿದ್ದ. ‘ಅತ್ತಿಗೆ, ಸಿದ್ದಾಪುರಕ್ಕೆ ಹೋಗಾಣ, ಗಟ್ಟಿಯಾಗಿ ಹಿಡ್ಕಂಡು ಕೂತ್ಕಳ್ರಿ. ನಿಮ್ಮನ್ನ ಬೀಳಿಸಿದ್ರೆ ಅಣ್ಣ ನನ್ ಇನ್ನೊಂದು ಕಾಲೂ ಮುರೀತಾನೆ’ ಎಂದ. ಅಷ್ಟು ದಿನಗಳ ಮೇಲೆ ಅವನಾಡಿದ ಮೊದಲ ತಮಾಷೆ. ಗಂಡ ಬ್ರೇಕ್ ಕೇಬಲನ್ನು ಒಮ್ಮೆ ಎಳೆದು ನೋಡಿ ಪಕ್ಕಕ್ಕೆ ಸರಿದ. ದಾರಿಯುದ್ದಕ್ಕೂ ನಾನು ಮೈದುನನ ಅಂಗಿ ಬಿಗಿಹಿಡಿದಿದ್ದೆ. ಇಳಿಜಾರು ಬಂದಾಗಲೆಲ್ಲ ಅವನ ಬೆನ್ನು ಸೆಟೆದುಕೊಳ್ಳುತ್ತಿತ್ತು. ಆ ಮೋರಿ ಬಂದಾಗ ಗೇರ್ ಇಳಿಸಿ ನಿಧಾನವಾಗಿ ದಾಟಿಸಿದ.

ಸಿದ್ದಾಪುರದ ಹತ್ತಿರ ಆ ಮನೆ ಮುಂದೆ ಗಾಡಿ ಬಾಲ ಎತ್ತಿಕೊಂಡೇ ನಿಂತಿತ್ತು. ಶೇಂಗಾ ಕೀಳಲು ಹೋಗುವ ಹೆಂಗಸರು ಬುತ್ತಿ ಹಿಡಿದು ಹಿಂದೆ ಹತ್ತುತ್ತಿದ್ದರು. ಒಬ್ಬಳ ಕಂಕುಳಲ್ಲಿ ಕೂಸಿತ್ತು. ಗಾಡಿಯವನು, ‘ಅದಕ್ಕೋಸ್ಕರ ಇಷ್ಟು ದೂರ ಬಂದ್ರಾ?’ ಎಂದು ಮತ್ತೆ ನಗಲು ಹೊರಟ. ಮೈದುನ ಪ್ಯಾಂಟ್ ಮೇಲೆತ್ತಿ, ಬೆಲ್ಟ್ ಬಿಚ್ಚಿ, ಕೃತಕ ಕಾಲನ್ನು ತೆಗೆದು ಗಾಡಿಯ ಹಿಂಬದಿಯ ಹಲಗೆಯ ಮೇಲೆ ಇಟ್ಟ.

‘ಇದು ಇದೇ ಗಾಡಿ ಮಾಡಿದ್ದು.’

ಹೆಂಗಸರು ಒಬ್ಬೊಬ್ಬರಾಗಿ ಕೆಳಗಿಳಿದರು. ಗಾಡಿಯವನು, ‘ಅಯ್ಯೋ ದೇವುಡಾ! ಫೋನ್‌ನಾಗೆ ಇದನ್ನ ಯಾಕೆ ಹೇಳ್ಲಿಲ್ಲ ನಿಮ್ಮೋರು?’ ಎಂದ. ಪಟ್ಟಿ ತೆಗೆಸಿ ಸರಳು ಕೂರಿಸಲು ಗಾಡಿಯನ್ನು ಹಾಗೇ ಖಾಲಿ, ನಿಧಾನವಾಗಿ ಗ್ಯಾರೇಜಿಗೆ ಒಯ್ಯುವುದೆಂದಾಯಿತು. ಹೊರಡುವ ಮೊದಲು ತಂತಿ ಕತ್ತರಿಸಬೇಕಿತ್ತು, ಆದರೆ ಅದನ್ನು ಕಟ್ಟಿದ ಜಾಗ ಗಾಡಿಯವನಿಗೆ ಗೊತ್ತಿರಲಿಲ್ಲ. ಒಂಟಿಕಾಲಿನ ಮೈದುನ ಗಾಡಿ ಕೆಳಗೆ ನುಗ್ಗುವಂತಿರಲಿಲ್ಲ. ಅಂದು ಟಾರ್ಚ್ ಹಿಡಿದವಳು ನಾನಲ್ಲವೆ? ಸೆರಗು ಸಿಕ್ಕಿಸಿ, ಕಟಿಂಗ್ ಪ್ಲೈಯರ್ ಹಿಡಿದು ನಾನೇ ಮಲಗಿ ಒಳಗೆ ಸರಿದೆ.

ಕೆಸರು ಮೆತ್ತಿಕೊಂಡಿತ್ತು. ಕೈಯಿಂದ ಒರೆಸಿದೆ. ಮೋರಿಗೆ ಬಡಿದು ಗಾಡಿ ಅಷ್ಟು ನುಜ್ಜಾಗಿದ್ದರೂ, ಅಷ್ಟೆಲ್ಲ ರಿಪೇರಿಯಾಗಿದ್ದರೂ ತಂತಿ ಕಟ್ಟಿದ ಹಾಗೇ ಇತ್ತು. ಎರಡು ಸುತ್ತು ತಿರುವಿತ್ತು. ಮೊನೆ ಅಚ್ಚುಕಟ್ಟಾಗಿ ಒಳಕ್ಕೆ ಬಗ್ಗಿತ್ತು. ಬೆರಳಿಂದ ಸವರಿದೆ, ಎಲ್ಲೂ ಚುಚ್ಚಲಿಲ್ಲ.

ಹೊರಗಿನಿಂದ ಮೈದುನ, ‘ಸಿಕ್ತೇನ್ರಿ ಅತ್ತಿಗೆ?’ ಎಂದ.

ನಮ್ಮ ಅಂಗಳದಲ್ಲಿ ಒಬ್ಬನೇ ಕೂತಿರುವ ಗಂಡನನ್ನು ನೆನೆಸಿಕೊಂಡು ಆ ಗಾಡಿಯ ಕೆಳಗೆ ಬಿಕ್ಕಿ ಬಿಕ್ಕಿ ಅತ್ತೆ. ಆಮೇಲೆ ತಂತಿ ಕತ್ತರಿಸಿದೆ.