ಎರಡನೇ ಡಿಸ್ಕಿನ ಕುಂಕುಮ

ನಮ್ಮ ವಿಜಯನಗರದ ಮನೆಯಲ್ಲಿ ಅಪ್ಪನದು ವಿಸಿಡಿ ಪಕ್ಷ, ಅಣ್ಣನದು ಡಿವಿಡಿ ಪಕ್ಷ. ನಾನು ಯಾವ ಪಕ್ಷಕ್ಕೂ ಸೇರದೆ ಇಬ್ಬರ ಮೇಲೂ ರೇಗುತ್ತಿದ್ದೆ. ಮೂರು ವಿಸಿಡಿಯಷ್ಟು ಒಂದೇ ಡಿವಿಡಿಯಲ್ಲಿ ಹಿಡಿಯುತ್ತದೆ, ಮುಖದ ಬೆವರೂ ಕಾಣುತ್ತದೆ ಎಂದು ಅಣ್ಣ ಕೊಚ್ಚಿಕೊಳ್ಳುತ್ತಿದ್ದ. ಬೀದಿಯ ಸೀಡಿ ಅಂಗಡಿಯಲ್ಲಿ ವಿಸಿಡಿಗಳು ಆಗಲೇ ಮೂಲೆ ಸೇರಿದ್ದವು. ಅಪ್ಪ ಮಾತ್ರ ಜಪ್ಪಯ್ಯ ಅಂದರೂ ಹಳೇ ಪ್ಲೇಯರ್ ಬಿಡಲಿಲ್ಲ. ಅವರ ಹಟಕ್ಕೆ ಕಾರಣ ಅಕ್ಕನ ಮದುವೆಯ ಎರಡನೇ ಡಿಸ್ಕು. ಅಮ್ಮ ನಡೆದಾಡುವುದು ಉಳಿದಿದ್ದು ಅದೊಂದರಲ್ಲೇ.

ಮದುವೆಯ ವಿಸಿಡಿ ಮನೆಗೆ ಬಂದಾಗ ಅಮ್ಮ ಗಟ್ಟಿಯಾಗಿಯೇ ಇದ್ದಳು. ಮನೆ ತುಂಬ ನೆಂಟರು. ಸೀರೆ ಯಾರದು, ಸರ ಯಾರದು ಎಂಬ ಗಲಾಟೆಯಲ್ಲಿ ಒಮ್ಮೆ ನೋಡಿ ಎತ್ತಿಟ್ಟೆವು. ಒಂದು ಮಾತೂ ಕಿವಿಗೆ ಬಿದ್ದಿರಲಿಲ್ಲ. ಆ ವರ್ಷ ಆಯುಧಪೂಜೆಯ ದಿನ ಅಮ್ಮ ಮಿಕ್ಸಿ, ಸ್ಕೂಟರು, ಈಳಿಗೆಮಣೆ, ಹೊಲಿಗೆ ಮಿಷನ್ನು ಎಲ್ಲಕ್ಕೂ ಕುಂಕುಮ ಇಟ್ಟುಕೊಂಡು ಬಂದು, ಟಿವಿ ಮೇಲಿದ್ದ ಎರಡನೇ ಡಿಸ್ಕಿಗೂ ಒಂದು ಬೊಟ್ಟು ಇಟ್ಟಳು. ಅದೂ ಹೊಳೆಯುವ ಕಡೆಗೆ.

"ಅಯ್ಯೋ, ಆ ಕಡೆ ಅಲ್ಲಮ್ಮ!" ಅಂದೆ.

"ಹೊಳೆಯೋದೇ ಮುಖ ಅಲ್ವೇನೇ? ಬೆನ್ನಿಗೆ ಯಾರಾದ್ರೂ ಕುಂಕುಮ ಇಡ್ತಾರಾ?" ಅಂದಳು.

ಸಂಕ್ರಾಂತಿಯ ಹೊತ್ತಿಗೆ ಅಮ್ಮ ಇರಲಿಲ್ಲ. ಅಪ್ಪ ಆಫೀಸಿನಲ್ಲಿ, ನಾನು ಜ್ಞಾನಭಾರತಿಯ ಕಾಲೇಜಿನಲ್ಲಿ ಇದ್ದಾಗ ಕೂತಲ್ಲೇ ಹೋಗಿಬಿಟ್ಟಿದ್ದಳು. ಒಂದು ಮಾತೂ ಹೇಳದೆ ಹೋದಳಲ್ಲ ಎಂಬ ಸಂಕಟ ಅಪ್ಪನನ್ನು ಕೊರೆಯುತ್ತಿತ್ತು.

ಕಾರ್ಯವೆಲ್ಲ ಮುಗಿದ ಮೇಲೆ ಅಪ್ಪ ಆ ಡಿಸ್ಕ್ ಹಾಕಿದರು. ಊಟದ ಪಂಕ್ತಿಗಳ ನಡುವಿನಿಂದ ಅಮ್ಮ ಬರುತ್ತಾಳೆ. ಕ್ಯಾಮೆರಾ ಕಡೆ ತಿರುಗುತ್ತಾಳೆ. ಏನೋ ಹೇಳಲು ಬಾಯಿ ತೆರೆಯುತ್ತಾಳೆ. ಅಲ್ಲಿಗೆ ನಿಂತಿತು. ಮುಖವೆಲ್ಲ ಚೌಕ ಚೌಕವಾಗಿ ಒಡೆದು, ಕಣ್ಣು ಮಾತ್ರ ಹಾಗೇ ಉಳಿದು ನಮ್ಮನ್ನು ನೋಡತೊಡಗಿತು. ಪ್ಲೇಯರಿನೊಳಗೆ ಯಾರೋ ಉಗುರಿನಿಂದ ತಟ್ಟಿದ ಹಾಗೆ ಟಕ್, ಟಕ್ ಎಂಬ ಸದ್ದು. ಅಣ್ಣ ಡಿಸ್ಕ್ ತೆಗೆದು ತಿರುಗಿಸಿದ. ಅಮ್ಮ ಇಟ್ಟ ಕುಂಕುಮ ಒಣಗಿ ಅಂಟಿಕೊಂಡಿತ್ತು.

"ಒದ್ದೆ ಬಟ್ಟೇಲಿ ಒರೆಸಿದ್ರೆ ಸರಿಹೋಗುತ್ತೆ, ಅಪ್ಪ."

"ಮುಟ್ಬೇಡ. ಅದು ಅವಳ ಕೈಯಾರೆ ಇಟ್ಟಿದ್ದು."

ಒರೆಸಿದರೆ ಅಮ್ಮನ ಬೆರಳಿನ ಗುರುತು ಹೋಗುತ್ತದೆ, ಒರೆಸದಿದ್ದರೆ ಅವಳ ಮಾತು ಕೇಳಿಸುವುದಿಲ್ಲ. ಇವೆರಡರ ನಡುವೆ ಅಪ್ಪ ಸಿಕ್ಕಿಕೊಂಡರು. ಭಾನುವಾರ ಮಧ್ಯಾಹ್ನ ನಾನು ಊಟಕ್ಕೆ ಬಡಿಸಿದರೆ, ತಟ್ಟೆ ಪಕ್ಕಕ್ಕಿಟ್ಟು ಡಿಸ್ಕ್ ಹಾಕಿ ಆ ನಿಂತ ಮುಖದ ಎದುರು ಕೂರುತ್ತಿದ್ದರು. "ಹೇಳೇ, ಕೇಳ್ತಾ ಇದೀನಿ" ಅನ್ನುತ್ತಿದ್ದರು. ಅನ್ನ ಆರಿ ಗಟ್ಟಿಯಾಗುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು, ಜೊತೆಗೆ ಭಯ. ಅಮ್ಮನ ಬಾಯಿ ಪ್ರತಿ ಸಲವೂ ಹಿಂದಿನ ಸಲಕ್ಕಿಂತ ತುಸು ಹೆಚ್ಚು ತೆರೆದಂತೆ ಕಾಣುತ್ತಿತ್ತು.

"ಪ್ಲೇಯರಿನ ಲೆನ್ಸು ಒಂದೊಂದ್ಸಲ ಒಂದೊಂದು ಕಡೆ ಸಿಕ್ಕಿಕೊಳ್ಳುತ್ತೆ ಕಣೇ, ಅಷ್ಟೇ," ಎಂದ ಅಣ್ಣ. ಹೇಳುವಾಗ ಅವನೂ ಟಿವಿ ಕಡೆ ನೋಡಲಿಲ್ಲ.

ಒಂದು ಮಧ್ಯಾಹ್ನ ಮನೆಯಲ್ಲಿ ನಾನೊಬ್ಬಳೇ ಬಟ್ಟೆ ಮಡಿಸುತ್ತಿದ್ದೆ. ಹೋಗಿದ್ದ ಕರೆಂಟು ಬಂತು. ಸ್ವಿಚ್ ಆರಿಸದೆ ಬಿಟ್ಟಿದ್ದ ಟಿವಿಯೂ ಪ್ಲೇಯರೂ ತಾವಾಗಿಯೇ ಶುರುವಾದವು. ಓಲಗದ ಸದ್ದು, ಎಲೆ ಹಾಸುವ ಗದ್ದಲ. ಓಡಲಿ ಬಿಡು ಎಂದು ಸುಮ್ಮನಿದ್ದೆ. ಹಠಾತ್ತನೆ ಎಲ್ಲ ನಿಂತು, ಟಕ್, ಟಕ್. ತಿರುಗಿದರೆ ಅಮ್ಮ ನನ್ನನ್ನೇ ನೋಡುತ್ತಿದ್ದಾಳೆ. ನನ್ನ ಕೈಯಲ್ಲಿದ್ದದ್ದು ಅವಳ ಸೀರೆ. ಹೆತ್ತ ತಾಯಿಗೆ ಹೆದರಿ ಗೇಟಿನ ತನಕ ಓಡಿದೆ.

"ಇದಕ್ಕೊಂದು ಗತಿ ಕಾಣ್ಸು ಮಾರಾಯ" ಎಂದು ಅಣ್ಣನ ಬೆನ್ನು ಹತ್ತಿದೆ. ಅವನು ರಾಜಾಜಿನಗರದ ಸ್ಟುಡಿಯೋಗೆ ಅಲೆದು, ಅವರಲ್ಲಿದ್ದ ಮೂಲ ಟೇಪಿನಿಂದ ಡಿವಿಡಿ ಮಾಡಿಸಿ, ಹೊಸ ಪ್ಲೇಯರನ್ನೂ ತಂದ. ಕುಂಕುಮ ಒರೆಸಬೇಕಾಗಿಯೂ ಇಲ್ಲ, ಮಾತೂ ಕೇಳಿಸುತ್ತದೆ. ಡಿವಿಡಿ ಪಕ್ಷ ಗೆದ್ದಿತ್ತು. ನಾನು ಬಡಿಸಿದ ತಟ್ಟೆಯನ್ನು ಅಪ್ಪ ಅಂದೂ ಪಕ್ಕಕ್ಕಿಟ್ಟು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಕೂತರು.

ಅಮ್ಮ ಬಂದಳು. ಕತ್ತಿನ ಬೆವರೂ ಕಾಣುತ್ತಿತ್ತು. ತಿರುಗಿದಳು, ಬಾಯಿ ತೆರೆದಳು. ಈ ಸಲ ನಿಲ್ಲಲಿಲ್ಲ.

"ಸಾಕು, ಆಫ್ ಮಾಡಪ್ಪ. ನನ್ನನ್ನೇನು ನೋಡ್ತೀಯ? ಹೋಗು, ಊಟ ಮಾಡು."

ಹೇಳಿದ್ದು ಕ್ಯಾಮೆರಾದ ಹುಡುಗನಿಗೆ, ನಿಜ. ಆದರೆ ಆ ಕಣ್ಣು ನೆಟ್ಟಿದ್ದು ಅಪ್ಪನ ಮೇಲೆ. ಅಪ್ಪ ಎದ್ದು ಟಿವಿ ಆರಿಸಿದರು. ಆರಿದ ಅನ್ನವನ್ನು ಒಂದಗುಳೂ ಬಿಡದೆ ತಿಂದರು. ನಮ್ಮಿಬ್ಬರ ಕಡೆ ನೋಡಲಿಲ್ಲ.

ಮುಂದಿನ ಭಾನುವಾರ ಮತ್ತೆ ಅದೇ ಹಳೇ ಪ್ಲೇಯರು, ಅದೇ ಟಕ್, ಟಕ್.

"ಅಮ್ಮ ಹೇಳಿದ್ದು ಕೇಳಿಸ್ಕೊಂಡ್ರಲ್ಲ, ಮತ್ಯಾಕೆ ಇದು?" ಎಂದು ಕೂಗಾಡಿದೆ.

"ಇದ್ರಲ್ಲಿ ಅವಳಿನ್ನೂ ಹೇಳಿಲ್ಲ ಕಣಮ್ಮ," ಎಂದರು.

ಮುಂದಿನ ಆಯುಧಪೂಜೆಗೆ ಕುಂಕುಮದ ಬಟ್ಟಲು ನನ್ನ ಕೈಗೆ ಬಂತು. ಸ್ಕೂಟರು, ಮಿಕ್ಸಿ, ಹೊಲಿಗೆ ಮಿಷನ್ನು ಮುಗಿಸಿ ಒಳಗೆ ಬಂದರೆ ಅಪ್ಪ ಕಾಯುತ್ತ ನಿಂತಿದ್ದರು. ಒಂದು ಕೈಯಲ್ಲಿ ಅಮ್ಮನ ಬೊಟ್ಟಿನ ಹಳೇ ಡಿಸ್ಕು, ಇನ್ನೊಂದರಲ್ಲಿ ಅಣ್ಣನ ಡಿವಿಡಿ. ಎರಡರ ಹೊಳೆಯುವ ಕಡೆಯನ್ನೂ ನನ್ನತ್ತ ಹಿಡಿದು ಡಿವಿಡಿಯನ್ನು ಮುಂದೆ ಚಾಚಿದರು.

"ಇದಕ್ಕೂ ಇಡು. ನೋಡ್ಕೊಂಡು, ಅದೇ ಜಾಗಕ್ಕೆ."

ಇಟ್ಟೆ.