ನಾನು ನುಂಗಿದ ಒಂದು ‘ರಿ’

ನಾನು ನಿಂತಿದ್ದು ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ, ದರ್ಜಿಯ ಅಂಗಡಿಯ ಕಟ್ಟೆಯ ಮೇಲೆ, ಬಲಗಡೆಯ ಕಂಬ ಹಿಡಿದು. ನಲವತ್ತೆರಡರ ಶ್ರಾವಣ, ಮಧ್ಯಾಹ್ನ ಮೂರೂವರೆ. ಚಲೇಜಾವ್ ಚಳವಳಿಯಿಂದಾಗಿ ಶಾಲೆ ಮುಚ್ಚಿ ವಾರವಾಗಿತ್ತು. ಆ ಶಾಲೆಯಲ್ಲಿ ನಾನು ಕನ್ನಡ ಮಾಸ್ತರ.

ಹಿಂದಿನ ದಿನ ಪೊಲೀಸರ ಲಾಠಿಗೆ ನನ್ನ ಇಬ್ಬರು ವಿದ್ಯಾರ್ಥಿಗಳ ತಲೆ ಒಡೆದಿತ್ತು. ನಾನು ದೂರ ನಿಂತು ನೋಡಿದ್ದೆ. ಆ ನಾಚಿಕೆ ಇನ್ನೂ ಮೈಮೇಲಿತ್ತು. ಮೆರವಣಿಗೆ ಬಂದಾಗ ಅದು ಹಾರಿಹೋಯಿತು. ಅಷ್ಟೊಂದು ಕೊರಳು ಒಂದೇ ಸಮನೆ ಕೂಗುವಾಗ ನನ್ನ ಕೊರಳು ಯಾವುದೆಂದು ನನಗೇ ತಿಳಿಯಲಿಲ್ಲ. ಅಷ್ಟು ಸಂತೋಷ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ.

ಆಗ ನಮ್ಮ ಓಣಿಯ ಟಪಾಲಿನವರು, ಎಲ್ಲರ ಕಾಕಾ, ಎದುರಾದರು. ತಲೆಯ ಮೇಲೆ ಸರಕಾರಿ ರುಮಾಲು, ಪಟಗಾ. ಜನ ಸುತ್ತುವರಿದರು.

“ಪಟಗಾ ತಗೀರಿ ಕಾಕಾ, ಬಿಳೀ ಟೊಪ್ಪಿಗಿ ಹಾಕ್ಕೊಳ್ರಿ!”

“ಟಪಾಲು ಹಂಚಿ ಬಂದು ಹಾಕ್ಕೋತೇನ್ರಪಾ. ಈಗ ಡ್ಯೂಟಿ ಮ್ಯಾಲೆ ಅದೇನಿ.”

“ಹಾಕ್ಕೊಂಡ್ರ ಮದುಮಗನಂಗ ಕಾಣ್ತೀರಿ!”

“ಮದುಮಗ ಆದ್ರ ನಿಮ್ಮ ಕಾಕೂ ಮನ್ಯಾಗ ಬಿಟ್ಕೊಳ್ಳಾಂಗಿಲ್ಲ!”

ಎಲ್ಲರೂ ನಕ್ಕರು. ಜನ ಸರಿದು ದಾರಿ ಬಿಡುತ್ತಿದ್ದರು. ಎರಡು ಹೆಜ್ಜೆಯಷ್ಟು ಜಾಗ ಆಗಿದ್ದನ್ನು ನಾನು ಕಣ್ಣಾರೆ ಕಂಡೆ. ಇದು ಇಷ್ಟು ಬೇಗ ಮುಗಿಯಬಾರದು ಎನಿಸಿತು.

“ತಗೀಯೋ ಪಟಗಾ, ಸರಕಾರದ ನಾಯಿ!” ಎಂದು ಕೂಗಿದೆ.

ದಿನಾ ಅವರಿಗೆ “ಬರ್ರಿ, ಕೂಡ್ರಿ, ಚಹಾ ಕುಡೀರಿ” ಎನ್ನುತ್ತಿದ್ದ ಬಾಯಿ. ಜನ ನನ್ನತ್ತ ನೋಡಿದರು. ಮಾಸ್ತರನೇ ಅಂದ ಮೇಲೆ ಇನ್ನೇನು ಎಂಬಂತಿತ್ತು ಅವರ ಮುಖ. ಮರುಕ್ಷಣ ಎಲ್ಲರ ಬಾಯಲ್ಲೂ “ತಗೀಯೋ, ತಗೀಯೋ!” ನಮ್ಮ ಕಣ್ಣಿಗೆ ಅಲ್ಲಿ ಈಗ ಕಾಕಾ ಇರಲಿಲ್ಲ, ಬರೀ ಒಂದು ಪಟಗಾ ನಿಂತಿತ್ತು.

ಕಲ್ಲು ನನ್ನ ಎಡಗಡೆಯಿಂದ ಬಂತು. ಎಸೆದವನನ್ನು ನಾನು ಕಾಣಲಿಲ್ಲ. ಅದು ಅವರ ಬಲಗಣ್ಣಿಗೆ ಬಿತ್ತು. ನಾನು ಜಯಘೋಷ ಹಾಕಿದೆ. ರಕ್ತ ಕಂಡ ಮೇಲೂ ಇನ್ನೊಮ್ಮೆ ಹಾಕಿದೆ.

ನೀವು ಹಿಂಸೆಯನ್ನು ಒಪ್ಪುತ್ತೀರಾ ಎಂದು ಅಂದು ಯಾರಾದರೂ ಕೇಳಿದ್ದರೆ, ಇಲ್ಲ ಎನ್ನುತ್ತಿದ್ದೆ. ಸುಳ್ಳು ಹೇಳುತ್ತಿದ್ದೇನೆಂದು ನನಗೆ ಅನಿಸುತ್ತಲೂ ಇರಲಿಲ್ಲ. ನಾನು ಕಲ್ಲು ಮುಟ್ಟಿರಲಿಲ್ಲವಲ್ಲ!

ಅಂದು ನನ್ನನ್ನು ಕಂಡವರಲ್ಲಿ, ನನಗೆ ಗೊತ್ತಿದ್ದಂತೆ, ಇನ್ನೂ ಬದುಕಿರುವವರು ಮೂವರು. ದರ್ಜಿ ಹೊಲಿಗೆ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದ. ಎದುರಿನ ಅಂಗಡಿಯ ಬಳೆಗಾರ್ತಿ ತನ್ನ ಸೆರಗು ಹರಿದು ಆ ಕಣ್ಣಿಗೆ ಕಟ್ಟಿದಳು. ಮತ್ತೆ, ಒಂದೇ ಕಣ್ಣು ಉಳಿದ ಟಪಾಲಿನವರು. ಕಲ್ಲು ಬರುವಾಗ ಅವರು ನನ್ನ ಕಡೆಗೆ ತಿರುಗಿದ್ದರು, ಗುರುತಿನ ದನಿ ಕೇಳಿ.